ಹಣ್ಣಿನ ಬುಟ್ಟಿ ಬಿಟ್ಟು, ಒಂದು ಹಾಳೆ ಹಿಡಿದು ಹೋದಾಗ

2017ರ ಡಿಸೆಂಬರ್ 29ರಂದು ಲೋಕಸಭೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆ ಮಂಡನೆಯಾಯಿತು. ನಾನಾಗ ವೈದ್ಯರ ಸಂಘವಾದ ಐಎಂಎಯ (ಭಾರತೀಯ ವೈದ್ಯಕೀಯ ಸಂಘ) ನಮ್ಮೂರಿನ ಶಾಖೆಯ ಕಾರ್ಯದರ್ಶಿ. ಅದೇನೂ ದೊಡ್ಡ ಹುದ್ದೆ ಅಲ್ಲ. ಚಂದಾ ವಸೂಲಿ, ಡಾಕ್ಟರ್ಸ್ ಡೇಗೆ ಹಾಲ್ ಬುಕ್ ಮಾಡೋದು, ಮೀಟಿಂಗಿಗೆ ಊಟ ಹೇಳೋದು. ದಿಲ್ಲಿಯಲ್ಲಿ ಆಗೋ ಕಾನೂನಿನ ಕೆಲಸ ನಮ್ಮ ಪಾಲಿಗೂ ಬರುತ್ತೆ ಅಂತ ಅಂದುಕೊಂಡೇ ಇರಲಿಲ್ಲ.

ಮಸೂದೆಯಲ್ಲಿ ಜಗಳಕ್ಕೆ ಬೇಕಾದಷ್ಟಿತ್ತು. ಹಳೆಯ ಮೆಡಿಕಲ್ ಕೌನ್ಸಿಲ್ ಹೋಗಿ 25 ಜನರ ಆಯೋಗ ಬರುತ್ತೆ, ಅದರಲ್ಲಿ ವೈದ್ಯರೇ ಆರಿಸಿದವರು 5 ಜನ ಮಾತ್ರ. ಆದರೆ ಎಲ್ಲರನ್ನೂ ಕೆರಳಿಸಿದ್ದು ಕಲಂ 49. ಆಯುಷ್ ವೈದ್ಯರು, ಅಂದರೆ ಆಯುರ್ವೇದ, ಹೋಮಿಯೋಪತಿಯಂಥವು ಓದಿದವರು, ಒಂದು ಬ್ರಿಜ್ ಕೋರ್ಸ್ ಮಾಡಿಕೊಂಡು ಅಲೋಪತಿ ಔಷಧ ಬರೆಯಲು ಅದು ದಾರಿ ಮಾಡಿಕೊಡುತ್ತಿತ್ತು.

2018ರ ಜನವರಿ 2ರಂದು ದೇಶದಾದ್ಯಂತ ಒಪಿಡಿ ಮುಚ್ಚಿ ಅಂತ ಐಎಂಎ ಕರೆ ಕೊಟ್ಟಿತು. ಕರ್ನಾಟಕದಲ್ಲಿ ನಮಗೆ ಇದು ಇನ್ನೂ ಮುಜುಗರ. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕೆಪಿಎಂಇ ಕಾಯ್ದೆಯ ತಿದ್ದುಪಡಿ ವಿರೋಧಿಸಿ ನವೆಂಬರ್‌ನಲ್ಲಷ್ಟೇ ಬಾಗಿಲು ಹಾಕಿದ್ದೆವು. ಜನರ ಸಿಟ್ಟು ಆರಿರಲಿಲ್ಲ. "ಮತ್ತೆ ಮುಚ್ತೀರಾ ಸಾರ್?" ಅಂತ ಬಿಪಿ ಮಾತ್ರೆ ಬರೆಸಿಕೊಳ್ಳಲು ಬಂದ ಅಜ್ಜಿ ಕೇಳಿದರು. ಪುಣ್ಯಕ್ಕೆ ಅವತ್ತೇ ಸರ್ಕಾರ ಮಸೂದೆಯನ್ನು ಸಂಸತ್ತಿನ ಸ್ಥಾಯಿ ಸಮಿತಿಗೆ ಕಳಿಸಲು ಒಪ್ಪಿತು. ಬಂದ್ ಅರ್ಧಕ್ಕೇ ನಿಂತಿತು.

ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಆರೋಗ್ಯದ ಸ್ಥಾಯಿ ಸಮಿತಿ ರಾಜ್ಯಸಭೆಯ ಕಾರ್ಯಾಲಯದ ಕೆಳಗೆ ಬರುತ್ತದೆ. ಎಲ್ಲಾ ಪಕ್ಷದವರೂ ಇರುತ್ತಾರೆ. ಅದು ಸಂಘಗಳಿಂದ ಲಿಖಿತ ಅಭಿಪ್ರಾಯ ತರಿಸಿಕೊಳ್ಳುತ್ತೆ, ಕೆಲವರನ್ನು ಕರೆಸಿ ಕೇಳುತ್ತೆ. ಆ ದೊಡ್ಡ ದಾಖಲೆ ಬರೆಯೋದು ಐಎಂಎಯ ದಿಲ್ಲಿ ಕಚೇರಿ. ನಮ್ಮಂಥ ಶಾಖೆಗಳ ಪಾಲಿಗೆ ಬಂದದ್ದು ಊರಿನ ಸಂಸದರನ್ನು ಹಿಡಿಯೋದು.

ಮೊದಲ ಸಲ ಹನ್ನೊಂದು ಜನ ಹೋದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂಬತ್ತು ಪುಟದ ಮನವಿ ಪತ್ರ. ಫೋಟೋ ಚೆನ್ನಾಗಿ ಬಂತು. ಪಿಎ ನಮ್ಮ ಪತ್ರವನ್ನು ಮೇಜಿನ ಮೇಲಿದ್ದ ರಾಶಿಗೆ ಸೇರಿಸಿದರು. ಅದರ ಕೆಳಗೆ ರೈಲು ನಿಲುಗಡೆ ಬೇಕು ಅನ್ನೋ ಅರ್ಜಿ, ಅದರ ಕೆಳಗೆ ಸಮುದಾಯ ಭವನದ್ದು. ಹದಿನೈದು ದಿನ ಬಿಟ್ಟು ಫೋನ್ ಮಾಡಿದರೆ, "ಯಾವ ಲೆಟರ್ ಸಾರ್?"

ಎರಡನೇ ಸಲ ನಾವು ಇಬ್ಬರೇ ಹೋದೆವು. ನಾನು ಮತ್ತು ನಮ್ಮ ಶಾಖೆಯ ಮಕ್ಕಳ ಡಾಕ್ಟರ್ ಮೇಡಂ. ಭಾನುವಾರ ಬೆಳಿಗ್ಗೆ ಏಳಕ್ಕೆ, ಜನ ಸೇರುವ ಮೊದಲು. ಕೈಯಲ್ಲಿ ಒಂದೇ ಹಾಳೆ, ಕನ್ನಡದಲ್ಲಿ. ಕಲಂ ಏನು ಹೇಳುತ್ತೆ, ಅದರಿಂದ ರೋಗಿಗೆ ಏನಾಗುತ್ತೆ, ಅಷ್ಟೇ. ಸಂಸದರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಕೇಳಿದರು:

"ಬೇಡ ಅಂತೀರಿ, ಸರಿ. ನಮ್ಮ ಹೋಬಳಿ ಪಿಎಚ್‌ಸಿಗೆ ಎಂಬಿಬಿಎಸ್ ಡಾಕ್ಟ್ರು ಬಂದು ಎಷ್ಟು ಕಾಲ ಆಯ್ತು ಗೊತ್ತಾ? ಆಯುರ್ವೇದದ ಹುಡುಗಾನೇ ಎಲ್ಲಾ ನೋಡ್ಕೊಳ್ತಾನೆ. ಅವನನ್ನ ಬೇಡ ಅಂದ್ರೆ ನಿಮ್ಮಲ್ಲಿ ಯಾರು ಬರ್ತೀರಾ ಹೇಳಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕೊಟ್ಟ ಕಾಫಿ ಕೆನೆಗಟ್ಟಿತು. ಒಂಬತ್ತು ಪುಟ ಬರೆದಿದ್ದೆವಲ್ಲ, ಅದರಲ್ಲಿ ಈ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ. ನಮ್ಮ ಹೊಟ್ಟೆಪಾಡಿನ ಮಾತೇ ಜಾಸ್ತಿ ಇತ್ತು, ಸುಳ್ಳು ಯಾಕೆ ಹೇಳಲಿ.

ಅವತ್ತು ರಾತ್ರಿ ಕ್ಲಿನಿಕ್ ಮುಗಿಸಿ ಹಾಳೆಯನ್ನು ಹೊಸದಾಗಿ ಬರೆದೆ. ಮೊದಲು ಪಿಎಚ್‌ಸಿ ಖಾಲಿ ಇರುವ ವಿಷಯ. ಹೊಸದಾಗಿ ಪಾಸಾದವರು ಹಳ್ಳಿಗೆ ಯಾಕೆ ಹೋಗಲ್ಲ ಅನ್ನೋದು: ಗುತ್ತಿಗೆ ಸಂಬಳ, ಸೋರುವ ಕ್ವಾರ್ಟರ್ಸ್, ರಾತ್ರಿ ಒಬ್ಬರೇ. ಫ್ಯಾಮಿಲಿ ಮೆಡಿಸಿನ್ ಪಿಜಿ ಸೀಟು ಜಾಸ್ತಿ ಮಾಡಿ ಅನ್ನೋದು. ಕೊನೆಗೆ, ಬ್ರಿಜ್ ಕೋರ್ಸನ್ನು ಕೇಂದ್ರದ ಕಾನೂನಿನಲ್ಲಿ ಬರೆಯಬೇಡಿ, ಹಳ್ಳಿಯ ವ್ಯವಸ್ಥೆಯನ್ನು ಆಯಾ ರಾಜ್ಯವೇ ನೋಡಿಕೊಳ್ಳಲಿ ಅಂತ. ಮರುದಿನ ಪಿಎ ಕೈಗೇ ಕೊಟ್ಟೆ. ಹಿಂದಿನ ವಾರ ಆಯುಷ್ ಸಂಘದವರೂ ಶಾಲು ತಂದಿದ್ದರಂತೆ, ಪಿಎ ನಗುತ್ತಾ ಹೇಳಿದರು.

2018ರ ಮಾರ್ಚ್‌ನಲ್ಲಿ ಸಮಿತಿಯ ವರದಿ ಬಂತು. ಬ್ರಿಜ್ ಕೋರ್ಸ್ ಕಡ್ಡಾಯ ಬೇಡ ಅಂತ ಅದರಲ್ಲಿತ್ತು. ಮಾರ್ಚ್ 28ಕ್ಕೆ ಕೇಂದ್ರ ಸಂಪುಟ ಆ ಭಾಗವನ್ನೇ ಕೈಬಿಟ್ಟು, ಹಳ್ಳಿ ಚಿಕಿತ್ಸೆಯ ವಿಷಯ ರಾಜ್ಯಗಳಿಗೆ ಬಿಟ್ಟಿತು. ನಮ್ಮ ಹಾಳೆಯಿಂದ ಆಯ್ತು ಅನ್ನೋ ಭ್ರಮೆ ನನಗಿಲ್ಲ. ದೇಶದ ಎಷ್ಟು ಊರುಗಳಿಂದ ಎಷ್ಟು ಹಾಳೆ ಹೋಗಿದ್ದವೋ. ಆದರೂ ಅವತ್ತು ಸಿಹಿ ಹಂಚಿದೆವು.

ಮುಂದಿನ ವರ್ಷ ಲೋಕಸಭೆ ಅವಧಿ ಮುಗಿದು ಆ ಮಸೂದೆ ಬಿದ್ದುಹೋಯಿತು. 2019ರ ಜುಲೈ 22ಕ್ಕೆ ಹೊಸದು ಬಂತು. ಬ್ರಿಜ್ ಕೋರ್ಸ್ ಇರಲಿಲ್ಲ, ಬದಲಿಗೆ ಕಲಂ 32: ವೈದ್ಯರಲ್ಲದ ಸಮುದಾಯ ಆರೋಗ್ಯ ಸೇವಾದಾರರಿಗೆ ಚಿಕಿತ್ಸೆ ಕೊಡಲು ಸೀಮಿತ ಪರವಾನಗಿ, ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದರಷ್ಟರ ತನಕ. ಈ ಸಲ ಸ್ಥಾಯಿ ಸಮಿತಿಗೆ ಹೋಗಲೇ ಇಲ್ಲ. ಅಂದರೆ ಒಬ್ಬ ಸಂಸದ ಕನ್ನಡಕ ಹಾಕಿಕೊಂಡು ಓದುವಷ್ಟು ಸಮಯವೇ ಇಲ್ಲ. ಜುಲೈ 29ಕ್ಕೆ ಲೋಕಸಭೆಯಲ್ಲಿ ಪಾಸ್. ನಮ್ಮ 24 ಗಂಟೆಯ ಬಂದ್ ಇದ್ದದ್ದು 31ಕ್ಕೆ. ವೋಟು ಮುಗಿದು ಎರಡು ದಿನ ಆದಮೇಲೆ ನಾವು ಬಾಗಿಲು ಹಾಕಿ ಕೂತಿದ್ದೆವು. ಆಗಸ್ಟ್ 1ಕ್ಕೆ ರಾಜ್ಯಸಭೆಯಲ್ಲೂ ಆಯಿತು.

28ರ ಭಾನುವಾರ ಪಿಎಗೆ ಫೋನ್ ಮಾಡಿದ್ದೆ. "ಸಾಹೇಬ್ರು ದಿಲ್ಲೀಲಿದಾರೆ ಡಾಕ್ಟ್ರೇ, ಆ ಒಂದು ಹಾಳೆ ವಾಟ್ಸಾಪ್ ಮಾಡಿಬಿಡಿ" ಅಂದರು. ಅವರಿಗೆ ಹಾಳೆ ನೆನಪಿತ್ತು! ಹತ್ತೇ ನಿಮಿಷದಲ್ಲಿ ಕಳಿಸಿದೆ. ನೀಲಿ ಟಿಕ್ ಬಂದದ್ದು ಆಗಸ್ಟ್ 2ಕ್ಕೆ.