ಕಾರಿಲ್ಲದೆ ಹಳ್ಳಿಯ ಸ್ಕೀ ಬೆಟ್ಟಕ್ಕೆ: ನನ್ನ ಅನುಭವ

ಜಪಾನಿನಲ್ಲಿ ಕಾರಿಲ್ಲದೆ ಹಳ್ಳಿಗಾಡಿನ ಸ್ಕೀ ಬೆಟ್ಟಕ್ಕೆ ಹೋಗೋದು ಆಗದ ಮಾತು ಅಂತ ಟೋಕಿಯೊದ ನಿಶಿ ಕಸಾಯಿಯ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಿಸೆಕೊ, ಹಕುಬಾದಂಥ ದೊಡ್ಡ ಸ್ಕೀ ರೆಸಾರ್ಟಿಗೆ ಪ್ಯಾಕೇಜ್ ತಗೊಂಡು ಹೋಗು, ಸುಮ್ನೆ ಯಾಕೆ ತಾಪತ್ರಯ ಅಂತ ಉಪದೇಶ ಬೇರೆ. ನಾನು ಕೆಲವು ಚಳಿಗಾಲದಿಂದ ಹೋಗಿ ಬರುತ್ತಲೇ ಇದ್ದೇನೆ. ಹೋದ ಫೆಬ್ರವರಿಯಲ್ಲಿ, ಆಗಲ್ಲ ಅಂದವರಲ್ಲೇ ಇಬ್ಬರನ್ನು ಕರೆದುಕೊಂಡು ಹೋದೆ. ಈಗ ಅವರೇ ಮುಂದಿನ ಸಲ ಯಾವಾಗ ಅಂತ ಕೇಳುತ್ತಿದ್ದಾರೆ.

ನಾನು ಹೋಗುವುದು ಈಯಾಮಾ ರೈಲು ಮಾರ್ಗದ ಊರುಗಳಿಗೆ. ನಾಗಾನೊ ಪ್ರಾಂತ್ಯದ ಚಿಕುಮಾ ನದಿ ಪಕ್ಕದ ನೀಗಾತಾ ಪ್ರಾಂತ್ಯದ ಗಡಿ ದಾಟಿದ ಮೇಲೆ ಶಿನಾನೊ ಅನ್ನಿಸಿಕೊಳ್ಳುತ್ತದೆ, ಆ ಕಣಿವೆ. ಅಲ್ಲಿನ ಮೋರಿಮಿಯಾನೊಹಾರಾ ಸ್ಟೇಷನ್ನಿನಲ್ಲಿ 1945ರ ಫೆಬ್ರವರಿಯಲ್ಲಿ 7.85 ಮೀಟರ್ ಎತ್ತರಕ್ಕೆ ಹಿಮ ಪೇರಿಕೊಂಡಿತ್ತು. ಅಷ್ಟೇ ಎತ್ತರದ ಗುರುತಿನ ಕಂಬ ಇವತ್ತಿಗೂ ಇದೆ. ಹಿಮಕ್ಕೇನೂ ಬರವಿಲ್ಲ, ಜನ ಇಲ್ಲ ಅಷ್ಟೇ. 1990ರ ದಶಕದ ಶುರುವಿನಲ್ಲಿ ಜಪಾನಿನಲ್ಲಿ ಹೆಚ್ಚುಕಡಿಮೆ 1.8 ಕೋಟಿ ಮಂದಿ ಸ್ಕೀ ಮಾಡುತ್ತಿದ್ದರು. ಆಗ ಊರೂರಿಗೂ ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟ್ ಹಾಕಿಸಿದರು. ನಾನು ಹೋಗುವ ಬೆಟ್ಟದಲ್ಲಿ ಮೂರು ಲಿಫ್ಟ್ ಇದ್ದವಂತೆ. ಈಗ ಓಡುವುದು ಒಂದು. ಉಳಿದೆರಡರ ಕುರ್ಚಿಗಳನ್ನು ಬಿಚ್ಚಿ ಶೆಡ್ಡಿನಲ್ಲಿ ಪೇರಿಸಿದ್ದಾರೆ. ಮೇಲಿನ ಕಂಬಗಳು ತುಕ್ಕು ಹಿಡಿದು ನಿಂತಿವೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲೆಲ್ಲ ಬೆಟ್ಟ ಹುಡುಕಿ ಆಮೇಲೆ ರೂಮು ಹುಡುಕುತ್ತಿದ್ದೆ. ಎಲ್ಲರೂ ಹಾಗೇ ಅಲ್ವಾ ಮಾಡೋದು? ಹೋಗಿ ನೋಡಿದರೆ ಒಂದು ಕಡೆ ಲಿಫ್ಟ್ ಶನಿವಾರ, ಭಾನುವಾರ ಮಾತ್ರ. ಇನ್ನೊಂದು ಕಡೆ ಬಸ್ಸು ಶಾಲೆ ಇರುವ ದಿನ ಮಾತ್ರ. ಮತ್ತೊಂದು ಕಡೆ ಮೋಟಾರು ಕೆಟ್ಟು, ಬಿಡಿಭಾಗ ಸಿಗದೆ, ಇಡೀ ಸೀಸನ್ನೇ ಬಂದ್. ಹಿಮ ಜಾಸ್ತಿಯಾಗಿ ರೈಲೇ ನಿಂತು ಈಯಾಮಾದಿಂದ ವಾಪಸ್ ಬಂದದ್ದೂ ಇದೆ. ಪ್ರತಿ ಸಲ ಇಪ್ಪತ್ತು ಸಾವಿರ ಯೆನ್ ನೀರಿನಲ್ಲಿ ಹೋಮ.

ಈಗ ಮೊದಲು ಮಿನ್ಶುಕು, ಅಂದರೆ ಊರಿನವರು ಮನೆಯಲ್ಲೇ ನಡೆಸುವ ಪುಟ್ಟ ವಸತಿಗೃಹ, ಆಮೇಲೆ ಬೆಟ್ಟ. ಲಿಫ್ಟ್ ಓಡಿಸುವವರು, ಟಿಕೆಟ್ ಕೊಡುವವರು, ಅಡುಗೆ ಮಾಡುವವರು ಎಲ್ಲಾ ಅದೇ ಊರಿನವರು. ಬೇಸಿಗೆಯಲ್ಲಿ ಗದ್ದೆ, ಚಳಿಗಾಲದಲ್ಲಿ ಲಿಫ್ಟು. ಹಾಗಾಗಿ ಮಿನ್ಶುಕುವಿನವರಿಗೆ ಫೋನ್ ಮಾಡಿದರೆ ಸಾಕು, ಯಾವ ದಿನ ಲಿಫ್ಟ್ ಇದೆ, ಯಾವ ದಿನ ಇಲ್ಲ, ಹಿಮ ಹೇಗಿದೆ ಎಲ್ಲಾ ಗೊತ್ತಾಗುತ್ತದೆ. ವೆಬ್‌ಸೈಟು ನಂಬಬೇಡಿ, ಇಮೇಲಿಗೆ ಉತ್ತರ ಬರಲ್ಲ. ತಡವರಿಸುವ ಜಪಾನೀಸ್ ಆದರೂ ಪರವಾಗಿಲ್ಲ, ಸಂಜೆ ಊಟದ ಹೊತ್ತು ಬಿಟ್ಟು ಫೋನ್ ಮಾಡಿ. ಸ್ಟೇಷನ್ನಿಗೆ ಗಾಡಿ ತಂದು ಕರೆದುಕೊಂಡು ಹೋಗುವಂತೆ ಅವರನ್ನು ಒಪ್ಪಿಸಲು ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಟೋಕಿಯೊದಿಂದ ಈಯಾಮಾಗೆ ಶಿಂಕಾನ್ಸೆನ್ ಬುಲೆಟ್ ರೈಲಿಗೆ ಒಂದು ಕಡೆಗೆ ಒಂಬತ್ತು ಸಾವಿರದ ಆಸುಪಾಸು. 2015ರಲ್ಲಿ ಅಲ್ಲಿಗೆ ಶಿಂಕಾನ್ಸೆನ್ ಬಂದಮೇಲೆ ನಮಗೆ ಸಲೀಸಾಗಿದೆ. ಮಿನ್ಶುಕುವಿಗೆ ಎರಡು ಊಟ ಸೇರಿ ರಾತ್ರಿಗೆ ಎಂಟೊಂಬತ್ತು ಸಾವಿರ. ದಿನದ ಲಿಫ್ಟ್ ಟಿಕೆಟ್ ಮೂರು ಸಾವಿರದೊಳಗೆ. ನಿಸೆಕೊದಲ್ಲಿ ದಿನದ ಟಿಕೆಟ್ಟೇ ಹತ್ತು ಸಾವಿರ ದಾಟಿದೆ. ಎರಡು ರಾತ್ರಿ, ಎರಡು ದಿನ ಎಲ್ಲಾ ಸೇರಿ ನನಗೆ 45 ಸಾವಿರ ಯೆನ್ ಮೀರುವುದಿಲ್ಲ. ಅದಕ್ಕೆ ಬದಲಾಗಿ ಇಡೀ ಬೆಟ್ಟದಲ್ಲಿ ನಾನು, ಇನ್ನು ನಾಲ್ಕೈದು ಜನ, ಶಾಲೆ ಮಕ್ಕಳ ಒಂದು ತರಗತಿ. ಕ್ಯೂ ಅನ್ನುವುದೇ ಇಲ್ಲ.

ಲಿಫ್ಟ್ ಒಬ್ಬರೇ ಕೂರುವಂಥದ್ದು, ಮುಂದೆ ಅಡ್ಡಕಂಬಿ ಇಲ್ಲ. ಬ್ಯಾಗ್ ಬೆನ್ನಿಗಿದ್ದರೆ ಅಂಚಿನಲ್ಲೇ ಕೂರಬೇಕಾಗುತ್ತದೆ, ಹೊಟ್ಟೆಯ ಮೇಲೆ ಹಾಕಿಕೊಳ್ಳಿ. ಲಿಫ್ಟಿನ ಅಜ್ಜ ಪ್ರತಿ ಕುರ್ಚಿಯ ಹಿಮವನ್ನೂ ಪೊರಕೆಯಿಂದ ಗುಡಿಸಿ ಕೊಡುತ್ತಾರೆ. ಅವರಿಗೆ ನಮಸ್ಕಾರ ಹೇಳದೆ ಹತ್ತಬೇಡಿ. ಹಗ್ಗ ಕಟ್ಟಿದ ಕಡೆ ದಾಟಬೇಡಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ಹುಡುಕಿಕೊಂಡು ಬರಬೇಕಾದವರು ಅದೇ ಅಜ್ಜಂದಿರು.

ಸ್ಕೀ ನಾನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತಗೊಂಡದ್ದು. ಬೂಟು ಮಾತ್ರ ಹಳೆಯದು ತಗೋಬೇಡಿ. ನನ್ನ ಜೊತೆ ಬಂದವನೊಬ್ಬನ ಬೂಟು ಇಳಿಜಾರಿನ ಮಧ್ಯದಲ್ಲೇ ಬಿರುಕು ಬಿಟ್ಟು ಚೂರುಚೂರಾಯಿತು. ವರ್ಷಗಟ್ಟಲೆ ತೇವ ಕುಡಿದ ಪ್ಲಾಸ್ಟಿಕ್ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ. ಸ್ಕೀ ತಳಕ್ಕೆ ಮೇಣದಬತ್ತಿ ತಿಕ್ಕಿಯೂ ನೋಡಿದ್ದೇನೆ. ಮೂರ್ನಾಲ್ಕು ಸಲ ಇಳಿಯುವವರೆಗೆ ಚೆನ್ನಾಗಿ ಜಾರುತ್ತದೆ, ಆಮೇಲೆ ಅಂಟಲು ಶುರು.

ನೀಗಾತಾ ಕಡೆ ಇಳಿದರೆ ರಬ್ಬರ್ ಬೂಟು ಬೇಕೇ ಬೇಕು. ಅಲ್ಲಿ ಹಿಮ ಕರಗಿಸಲು ರಸ್ತೆಯಲ್ಲೇ ಪೈಪು ಹೂತು ಅಂತರ್ಜಲ ಚಿಮ್ಮಿಸುತ್ತಾರೆ. 1960ರ ದಶಕದ ಶುರುವಿನಲ್ಲಿ ನಾಗಾಓಕಾದಲ್ಲಿ ಶುರುವಾದ ಪದ್ಧತಿ. ನೀರಿನ ಕಬ್ಬಿಣದಂಶಕ್ಕೆ ರಸ್ತೆಯೆಲ್ಲಾ ಕೆಂಪಗೆ. ಮಾಮೂಲಿ ಶೂ ಐದು ನಿಮಿಷಕ್ಕೆ ಒದ್ದೆ.

ನೀಗಾತಾದ ಸ್ಕೀ ಊರು ಯುಜಾವಾದಲ್ಲಿ ಲಕ್ಷ ಯೆನ್‌ಗೆ ಫ್ಲಾಟ್ ಸಿಗುತ್ತದೆ, ಒಂದು ತಗೊಂಡುಬಿಡು ಅಂತ ಒಬ್ಬ ಗೆಳೆಯ ಬೆನ್ನು ಹತ್ತಿದ್ದ. ಸಿಗುತ್ತದೆ, ನಿಜ. ಆದರೆ ತಿಂಗಳ ನಿರ್ವಹಣಾ ಶುಲ್ಕವೇ ಇಪ್ಪತ್ತು ಸಾವಿರದ ಮೇಲೆ, ತೆರಿಗೆ ಬೇರೆ. ಆ ದುಡ್ಡಿನಲ್ಲಿ ವರ್ಷಕ್ಕೆ ಐದಾರು ಸಲ ಮಿನ್ಶುಕುವಿಗೆ ಹೋಗಬಹುದು. ಆ ದುಡ್ಡು ಊರಿನವರಿಗಾದರೂ ಸೇರುತ್ತದೆ. ನಾಲ್ಕು ಜನ ಬಂದು ಉಳಿದರೆ ಲಿಫ್ಟ್ ಇನ್ನೊಂದು ವರ್ಷ ಓಡೀತು.

ಇನ್ನು ಊಟ. ಸಸ್ಯಾಹಾರಿ ಅಂದರೂ ಸಾರಿನಲ್ಲಿ ದಾಶಿ, ಅಂದರೆ ಮೀನು ಹಾಕಿ ತೆಗೆದ ರಸ, ಬಂದೇ ಬರುತ್ತದೆ. ಅದಕ್ಕೆ ಮುಂಚೆಯೇ ಅನ್ನ, ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿ ಸಾಕು ಅಂತ ಹೇಳಿ, ಉಳಿದದ್ದನ್ನು ನಾನೇ ಒಯ್ಯುತ್ತೇನೆ. ಅಲ್ಲಿನ ಕೊಶಿಹಿಕಾರಿ ಅಕ್ಕಿಯ ಅನ್ನಕ್ಕೆ ಪುಳಿಯೋಗರೆ ಗೊಜ್ಜು ಕಲಸಿದರೆ ಮುದ್ದೆಯಾಗುತ್ತದೆ. ಸಾರಿನ ಜೊತೆ ಪರವಾಗಿಲ್ಲ. ಮೊಸರನ್ನಕ್ಕೆ ಮಾತ್ರ ಅದರಷ್ಟು ಒಳ್ಳೆಯ ಅಕ್ಕಿ ನಾನು ಕಂಡಿಲ್ಲ. ಒಗ್ಗರಣೆಗೆ ಸಾಸಿವೆ, ಕರಿಬೇವು ಒಯ್ದಿದ್ದೆ, ಮನೆಯಾಕೆ ತಾವೂ ಎರಡು ಸಲ ಹಾಕಿಸಿಕೊಂಡರು.

ಹೋಗುವುದಾದರೆ ಜನವರಿ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಹೋಗಿ. ರೈಲಿನ ನಡುವೆ ಎರಡು ಮೂರು ಗಂಟೆ ಅಂತರ ಇರುತ್ತದೆ, ಕೊನೆಯ ರೈಲನ್ನು ನಂಬಿ ಕೂರಬೇಡಿ. ಕೈಯಲ್ಲಿ ಸಾವಿರದ ನೋಟು, ನೂರರ ನಾಣ್ಯ ಸಾಕಷ್ಟಿರಲಿ. ನಾನು ಹೋಗುವ ಕಡೆ ಲಿಫ್ಟಿನಲ್ಲೂ ಮಿನ್ಶುಕುವಿನಲ್ಲೂ ಕಾರ್ಡ್ ನಡೆಯಲ್ಲ.