ನನ್ನ ಏರ್ ಪಿಸ್ತೂಲಿಗೆ ಪೆಲೆಟ್ ಆರಿಸಿದ್ದು

ಮಂಗಳೂರಲ್ಲಿ ಏರ್ ಪಿಸ್ತೂಲ್ ಇದೆ ಅಂದ ಕೂಡಲೇ ಜನ ಕೇಳುವುದು, "ಹಂದಿಗೆ ಆಗ್ತದಾ?" ತೋಟದ ಕೋವಿ ನೋಡಿ ಬೆಳೆದ ಊರು, ಕೇಳದೆ ಇರ್ತಾರಾ! ಆಗುವುದಿಲ್ಲ. ಇದು 10 ಮೀಟರ್ ಆಚೆಯ ಗುರಿಕಾಗದಕ್ಕೆ ಮಾತ್ರ. ಹೊಸಬರು ಕೇಳುವುದು ಬೇರೆ: ಯಾವ ಪೆಲೆಟ್ (ಅದಕ್ಕೆ ಹಾಕುವ ಸೀಸದ ಪುಟ್ಟ ಗುಂಡು) ತಗೊಳ್ಳಲಿ?

ಮೂತಿ ಚಪ್ಪಟೆ ಇರುವುದನ್ನೇ ತಗೊಳ್ಳಿ. ಚೂಪು ಮೂತಿಯದು ಕಾಗದವನ್ನು ಹರಿಯುತ್ತದೆ. ಚಪ್ಪಟೆಯದು ದುಂಡಗೆ ಕತ್ತರಿಸುತ್ತದೆ, ಅಂಕದ ಗೆರೆ ಮುಟ್ಟಿತೋ ಇಲ್ಲವೋ ಅನ್ನುವ ಜಗಳ ಇಲ್ಲ. ತೂಕ ಪಿಸ್ತೂಲಿಗೆ ಸುಮಾರು 0.45 ಗ್ರಾಂ, ರೈಫಲಿಗೆ 0.53 ಗ್ರಾಂ ಅಂತ ರೂಢಿ. ಹಗುರದ್ದು ಬ್ಯಾರಲ್‌ನಿಂದ ಬೇಗ ಹೊರಬೀಳುತ್ತದೆ.

ತಲೆನೋವು ಶುರುವಾಗುವುದು ಅಳತೆಯಲ್ಲಿ. ಎಲ್ಲವೂ .177 ಇಂಚು, ಅಂದರೆ 4.5 ಮಿ.ಮೀ. ಆದರೆ ಡಬ್ಬಿಯ ಮೇಲೆ ಮೂತಿಯ ಅಡ್ಡಳತೆ 4.49, 4.50, 4.51 ಅಂತ ಬೇರೆ ಬೇರೆ ಇರುತ್ತದೆ. ಯಾವುದು ಒಳ್ಳೆಯದು ಅಂತ ಯಾರನ್ನೂ ಕೇಳಬೇಡಿ. ಅದನ್ನು ನಿಮ್ಮ ಬ್ಯಾರಲ್ಲೇ ಹೇಳಬೇಕು.

ನಾನು ಮಾಡಿದ್ದು ಹೀಗೆ. ಕ್ಲಬ್ಬಿನ ಗೆಳೆಯರಿಂದ ಆರ್‌ಡಬ್ಲ್ಯುಎಸ್, ಎಚ್ ಆ್ಯಂಡ್ ಎನ್, ಜೆಎಸ್‌ಬಿ ಕಂಪನಿಗಳ ಪೆಲೆಟ್‌ಗಳನ್ನು ಅಷ್ಟಿಷ್ಟು ಇಸಕೊಂಡೆ. ಹಿಡಿ ಬಿಚ್ಚಿ, ರಬ್ಬರ್ ಸುತ್ತಿ, ಪಿಸ್ತೂಲನ್ನು ಬೆಂಚ್ ವೈಸ್‌ಗೆ ಕಟ್ಟಿದೆ. ಗಾಳಿಯ ಸಿಲಿಂಡರ್ ಮೇಲೆ ಮಾತ್ರ ವೈಸ್ ಬಿಗಿಯಬಾರದು, ಅದರೊಳಗೆ 200 ಬಾರ್ ಒತ್ತಡ ಇರುತ್ತದೆ. ಒಂದೊಂದು ಜಾತಿಗೆ ಹೊಸ ಕಾಗದ, ಐದೈದು ಗುಂಡು. ತೂತುಗಳ ಹೊರ ಅಂಚಿನಿಂದ ಅಂಚಿಗೆ ವರ್ನಿಯರ್ ಇಟ್ಟು, 4.5 ಕಳೆದರೆ ಗುಂಪಿನ ಅಗಲ ಸಿಗುತ್ತದೆ, ಅದು ಕಮ್ಮಿ ಇದ್ದಷ್ಟೂ ಒಳ್ಳೆಯದು. ನನ್ನದಕ್ಕೆ ಒಪ್ಪಿದ್ದು 4.49ರ ಸಾಧಾರಣ ಬೆಲೆಯ ಡಬ್ಬಿ. ಎಲ್ಲಕ್ಕಿಂತ ದುಬಾರಿಯದ್ದು ಅಗಲವಾಗಿ ಚೆದುರಿತು. ಪಕ್ಕದ ಲೇನಿನವರ ಪಿಸ್ತೂಲಿಗೆ ಅದೇ ದುಬಾರಿಯದ್ದೇ ಸೈ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಲೆಕ್ಕ ನೋಡಿ. ಏರ್ ಪಿಸ್ತೂಲಿನ ಗುರಿಕಾಗದದಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ. ಗೆರೆ ಮುಟ್ಟಿದರೂ ಹತ್ತೇ. ಹಾಗಾಗಿ ಗುಂಡಿನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಆಚೆ ಹೋದರೂ ನಡೆಯುತ್ತದೆ. ರೈಫಲಿನವರ ಹತ್ತು ಬರೀ ಅರ್ಧ ಮಿಲಿಮೀಟರಿನ ಚುಕ್ಕೆ, ಅವರಿಗೆ ಸಿಗುವುದು 2.5 ಮಿ.ಮೀ. ಅಷ್ಟೆ. ಅಳತೆಯ ಹುಚ್ಚು ಅವರಿಗೆ ಸರಿ. ನಮಗೆ ಹತ್ತರ ಬದಲು ಎಂಟು ಅಂಕ ಜಾಸ್ತಿ ಬರುವುದು ಟ್ರಿಗರ್ ಎಳೆಯುವ ಬೆರಳಿಂದ, ಪೆಲೆಟ್ಟಿಂದ ಅಲ್ಲ. ಆದರೂ ಪರೀಕ್ಷೆ ಮಾಡಿ ಅಂತೀನಿ. ಆಮೇಲೆ ಕೆಟ್ಟ ಗುಂಡಿಗೆ ಡಬ್ಬಿಯನ್ನು ಬೈಯುವ ಹಾಗಿಲ್ಲ, ಅಲ್ವಾ?

ಒಪ್ಪಿದ್ದು ಸಿಕ್ಕಿದರೆ ಅದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ ಕಂತಿನ) ಡಬ್ಬಿಗಳನ್ನು ಒಟ್ಟಿಗೆ ತಗೊಳ್ಳಿ. ಹೆಸರು ಒಂದೇ ಆದರೂ ಬೇರೆ ಲಾಟ್ ಬೇರೆ ಥರ ಹೊಡೆಯಬಹುದು. ತುಂಬುವ ಮೊದಲು ಪಾವಡೆಯಂಥ ಹಿಂಬದಿ ಜಜ್ಜಿಲ್ಲವಾ ನೋಡಿ. ಜಜ್ಜಿದ್ದನ್ನು ಸುಮ್ನೆ ಆಚೆ ಇಡಿ.

ನಮ್ಮ ಕಡಲ ಗಾಳಿಗೆ, ಅದರಲ್ಲೂ ಆಟಿಯ ಮಳೆಗೆ, ತೆರೆದಿಟ್ಟ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಬಿಗಿ ಮುಚ್ಚಳದ ಡಬ್ಬದೊಳಗೆ ಸಿಲಿಕಾ ಜೆಲ್ ಹಾಕಿಡಿ. ಆ ಪುಡಿಯೂ ಸೀಸವೇ. ರೇಂಜಿನಿಂದ ಬಂದವರು ಗೋಳಿಬಜೆಗೆ ಕೈ ಹಾಕುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ.