ಒಳ್ಳೆ ದಿನಗಳ ಲೆಕ್ಕ

ನನ್ನ ಅಂಗಡಿಗೆ ಮೊದಲು ಇದ್ದದ್ದು ಒಂದೇ ಶಟರ್. ಪುತ್ತೂರಿನಿಂದ ಸ್ವಲ್ಪ ಆಚೆ, ರಸ್ತೆ ಬದಿಯ ಸಣ್ಣ ಪೇಟೆ. ಪೈಪು, ನಲ್ಲಿ, ಮೊಳೆ, ಬಿಜಾಗರಿ, ಪೈಂಟು ಮಾರುವ ಅಂಗಡಿ. ಉಪ್ಪ ತೀರಿಕೊಂಡಾಗ ಬಿಟ್ಟು ಹೋದದ್ದು ಆ ಶಟರ್, ಜೊತೆಗೆ ಮಂಗಳೂರು ಬಂದರಿನ ಹೋಲ್‌ಸೇಲ್ ಅಂಗಡಿಗಳಲ್ಲಿ ಒಂದಿಷ್ಟು ಬಾಕಿ. ಆ ವರ್ಷಗಳಲ್ಲಿ ನಾನು ಒಂದು ಹೊತ್ತಿನ ನಮಾಝ್ ಬಿಟ್ಟವನಲ್ಲ. ರಾತ್ರಿ ಎದ್ದು ತಹಜ್ಜುದ್ ಕೂಡ ಮಾಡುತ್ತಿದ್ದೆ. ಕಷ್ಟ ಅಂದರೆ ಅಲ್ಲಾಹನ ಪರೀಕ್ಷೆ ಅಂತ ಉಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. "ಸಬ್ರ್ ಮಾಡು ಮೋನೇ", ಅಂದರೆ ತಾಳಿಕೋ ಮಗನೇ, ಅನ್ನುತ್ತಿದ್ದರು. ಮಾಡಿದೆ. ನಿಜ ಹೇಳಬೇಕೆಂದರೆ ಅದು ಅಷ್ಟು ಭಾರ ಅನಿಸಲಿಲ್ಲ. ಬೇರೆ ಕಡೆ ಮನಸ್ಸು ಎಳೆಯುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ.

ಆಮೇಲೆ ದಿನ ತಿರುಗಿತು. ಅಡಿಕೆಗೆ ರೇಟು ಬಂತು. ತೋಟದವರು ಹೊಸ ಪೈಪ್‌ಲೈನ್, ಸ್ಪ್ರಿಂಕ್ಲರ್ ಹಾಕಿಸಿದರು. ಗಲ್ಫಿನಲ್ಲಿದ್ದವರು ಮನೆ ಕಟ್ಟಿಸಿದರು. ನನ್ನ ಒಂದು ಶಟರ್ ಮೂರಾಯಿತು, ಹಿಂದೆ ಗೋಡೌನ್ ಬಂತು, ಮನೆ ಬಂತು, ಕಾರು ಬಂತು. ಇದು ಪರೀಕ್ಷೆ ಅಂತ ಯಾರೂ ಹೇಳಲಿಲ್ಲ. ಎಲ್ಲರೂ "ಮಾಷಾ ಅಲ್ಲಾಹ್" ಅಂದರು. ನಾನೂ ಸಬ್ರ್ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಅಂತಲೇ ತಿಳಿದೆ.

ಆದರೆ ಕುರ್‌ಆನ್‌ನ ಅಲ್‌ಫಜ್ರ್ ಅಧ್ಯಾಯ ನನಗೆ ಮದ್ರಸದ ಕಾಲದಿಂದಲೇ ಬಾಯಿಪಾಠ. ಅದರ 15 ಮತ್ತು 16ನೇ ಸೂಕ್ತಗಳಲ್ಲಿ ಏನಿದೆ ಗೊತ್ತಾ? ಒಡೆಯನು ಮನುಷ್ಯನಿಗೆ ಗೌರವ, ಅನುಗ್ರಹ ಕೊಟ್ಟು ಪರೀಕ್ಷಿಸಿದರೆ, "ನನ್ನ ಒಡೆಯ ನನ್ನನ್ನು ಗೌರವಿಸಿದ" ಅನ್ನುತ್ತಾನೆ. ಅನ್ನವನ್ನು ಬಿಗಿ ಮಾಡಿ ಪರೀಕ್ಷಿಸಿದರೆ, "ಅವಮಾನ ಮಾಡಿದ" ಅನ್ನುತ್ತಾನೆ. ಎರಡೂ ಕಡೆ ಇರುವುದು ಒಂದೇ ಪದ, ಇಬ್ತಲಾಹು. ಪರೀಕ್ಷಿಸಿದ. ಅದರ ಬೆನ್ನಿಗೇ "ಕಲ್ಲಾ" ಬರುತ್ತದೆ. ಹಾಗಲ್ಲ, ಖಂಡಿತ ಹಾಗಲ್ಲ. ಎಷ್ಟು ವರ್ಷ ಇದನ್ನು ಓದಿದ್ದೆ! ಕೊಡುವುದಕ್ಕೂ ತಡೆಯುವುದಕ್ಕೂ ಒಂದೇ ಪದ ಇದೆ ಅನ್ನುವುದು ಕಣ್ಣಿಗೆ ಬಿದ್ದಿರಲಿಲ್ಲ.

ಕಣ್ಣಿಗೆ ಬಿದ್ದದ್ದು 2017ರಲ್ಲಿ, ಜಿಎಸ್‌ಟಿ ಶುರುವಾದಾಗ. ಜೂನ್ 30ರ ರಾತ್ರಿಗೆ ಅಂಗಡಿಯಲ್ಲಿ ಎಷ್ಟು ಮಾಲಿದೆ ಅಂತ ಪೂರ್ತಿ ಲೆಕ್ಕ ಬೇಕು ಅಂತ ಆಡಿಟರ್ ಹೇಳಿದ್ದರು. ಪೆರ್ನಾಲ್ (ಈದ್ ಹಬ್ಬ) ಕಳೆದು ನಾಲ್ಕೈದು ದಿನ ಆಗಿತ್ತಷ್ಟೆ. ನಾನು, ಇಬ್ಬರು ಹುಡುಗರು, ಮೂರು ದಿನ ಕೂತು ಎಣಿಸಿದೆವು. ಎಲ್ಬೋ ಎಷ್ಟು, ಟೀ ಎಷ್ಟು, ಅರ್ಧ ಇಂಚಿನ ನಲ್ಲಿ ಎಷ್ಟು, ಮುಕ್ಕಾಲು ಇಂಚಿನದು ಎಷ್ಟು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಚಿಲಕಗಳನ್ನೂ ಬಿಡಲಿಲ್ಲ. ಮೂರನೇ ದಿನ ಪಟ್ಟಿ ಮುಗಿಸಿ ಪೆನ್ನು ಇಟ್ಟಾಗ ಒಂದು ಯೋಚನೆ ಬಂತು. ವಾರದ ಹಿಂದಷ್ಟೇ ರಮಝಾನ್‌ನಲ್ಲಿ ಝಕಾತ್, ಅಂದರೆ ಸಂಪತ್ತಿನಲ್ಲಿ ಬಡವರಿಗೆ ಕೊಡಲೇಬೇಕಾದ ಪಾಲು, ಕೊಟ್ಟಿದ್ದೆ. ಆಗ ಒಂದು ನಲ್ಲಿಯನ್ನೂ ಎಣಿಸಿರಲಿಲ್ಲ. ಗಲ್ಲಾದಲ್ಲಿ ಕೂತು ಒಂದು ಅಂದಾಜು ಮಾಡಿದ್ದೆ. 40 ಸಾವಿರ ಅಂದುಕೊಂಡೆ, ಕೊಟ್ಟೆ, ಮುಗೀತು. ಸರ್ಕಾರಕ್ಕೆ ಮೊಳೆ ಮೊಳೆಯ ಲೆಕ್ಕ. ಅಲ್ಲಾಹನಿಗೆ ಅಂದಾಜು.

ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮಸೀದಿಯ ಉಸ್ತಾದ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಬೈಯಲಿಲ್ಲ, ಒಂದು ಕಾಗದ ತೆಗೆದುಕೊಂಡರು. ಮಾರಲಿಕ್ಕೆ ಇಟ್ಟ ಮಾಲೆಲ್ಲ ಲೆಕ್ಕಕ್ಕೆ ಬರುತ್ತದೆ, ಅದೂ ಆ ದಿನ ಪೇಟೆಯಲ್ಲಿ ಹೋಗುವ ಬೆಲೆಗೆ. ನಾನು ಕೊಂಡ ಬೆಲೆಗಲ್ಲ. ರ‍್ಯಾಕ್, ತಕ್ಕಡಿ, ಕಂಪ್ಯೂಟರ್, ಮಾಲು ಸಾಗಿಸುವ ಪಿಕಪ್, ಕಟ್ಟಡ ಇವು ಬರುವುದಿಲ್ಲ. ಕೈಯಲ್ಲಿರುವ ನಗದು, ಬ್ಯಾಂಕಿನಲ್ಲಿರುವುದು, ಬಂದೇ ಬರುತ್ತದೆ ಅನ್ನುವ ಬಾಕಿ, ಇದನ್ನೆಲ್ಲ ಕೂಡಿಸಬೇಕು. ಒಟ್ಟು 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆ ದಾಟಿ, ಒಂದು ವರ್ಷ ತುಂಬಿದರೆ, ನೂರಕ್ಕೆ ಎರಡೂವರೆ. ವರ್ಷ ಅಂದರೆ ಆಡಿಟರ್‌ನ ಮಾರ್ಚ್ 31 ಅಲ್ಲ, ಚಂದ್ರನ ವರ್ಷ. ಅದು ಸುಮಾರು 354 ದಿನ. ಅದಕ್ಕೇ ನನ್ನ ತಾರೀಖು ಪ್ರತಿ ವರ್ಷ 11 ದಿನದಷ್ಟು ಹಿಂದೆ ಸರಿಯುತ್ತದೆ. ರಮಝಾನ್ 15 ಅಂತ ಗೊತ್ತು ಮಾಡಿಕೊಂಡೆ.

2018ರ ರಮಝಾನ್‌ಗೆ ಎಣಿಸಿದಾಗ ಮಾಲು 24,60,000. ನಗದು ಮತ್ತು ಬ್ಯಾಂಕು 2,90,000. ಬರುವ ಬಾಕಿ 5 ಲಕ್ಷ. ಒಟ್ಟು 32,50,000. ಝಕಾತ್ 81,250 ರೂಪಾಯಿ. ಅಂದರೆ ಇಷ್ಟು ವರ್ಷ ಅರ್ಧದಷ್ಟು ಬಡವರ ಪಾಲು ನನ್ನ ರ‍್ಯಾಕಿನಲ್ಲೇ ಉಳಿದಿತ್ತು. ಹಳೆ ವರ್ಷಗಳ ಕೊರತೆಯನ್ನೂ ಬಿಲ್‌ಬುಕ್ ನೋಡಿ ಲೆಕ್ಕ ಹಾಕಿದೆ, ಆಗುತ್ತಾ ಬಂದ ಹಾಗೆ ತೀರಿಸಿದೆ. ಕೊಡುವಾಗ ಕೈ ಹಿಂದೆ ಎಳೆಯಿತು. ಅದನ್ನು ಮುಚ್ಚಿಡುವುದಿಲ್ಲ. ಕೈಯಲ್ಲಿ ನೂರು ರೂಪಾಯಿ ಇದ್ದ ಕಾಲದಲ್ಲಿ ಹತ್ತು ರೂಪಾಯಿ ಸುಮ್ನೆ ಕೊಟ್ಟುಬಿಡುತ್ತಿದ್ದೆ. ಈಗ 81 ಸಾವಿರ ಅಂದರೆ ಮನಸ್ಸು ಅದರಲ್ಲಿ ಎಷ್ಟು ಬಂಡಲ್ ಪೈಪ್ ಬರುತ್ತದೆ ಅಂತ ಲೆಕ್ಕ ಹಾಕುತ್ತಿತ್ತು.

ಲೆಕ್ಕ ಸರಿಯಾಯಿತು, ಇನ್ನು ಪರವಾಗಿಲ್ಲ ಅಂದುಕೊಂಡಿದ್ದೆ. ಅದೇ ಮಳೆಗಾಲದಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ.

2018ರಲ್ಲಿ ನಮ್ಮ ಕಡೆ ಮಳೆ ಬಿಡಲೇ ಇಲ್ಲ. ಅಡಿಕೆಗೆ ಮದ್ದು ಬಿಡೋಕೆ ಎರಡು ದಿನ ಬಿಸಿಲು ಸಿಗಲಿಲ್ಲ. ಕೊಳೆರೋಗ ತೋಟ ತೋಟಗಳನ್ನೇ ತಿಂದಿತು. ಉಪ್ಪನ ಕಾಲದಿಂದ ಬರುತ್ತಿದ್ದ ಒಬ್ಬ ಕಾಕ ಇದ್ದರು. ಹಿಂದಿನ ಬೇಸಗೆಯಲ್ಲಿ ಪೈಪು, ಸ್ಪ್ರಿಂಕ್ಲರ್ ಅಂತ 41,600 ರೂಪಾಯಿ ಕಡ ಬರೆಸಿದ್ದರು. ಒಂದು ಸಂಜೆ ಬಂದರು. ಕೊಡೆ ಮಡಚಿ ಹೊರಗೇ ಇಟ್ಟರು, ಒಳಗೆ ನೀರು ಸುರಿಯಬಾರದು ಅಂತ. ಸಲಾಂ ಹೇಳಿ, "ಫಸಲು ಹೋಯ್ತು ಮೋನೇ. ಸ್ವಲ್ಪ ಸಮಯ ಕೊಡು" ಅಂದರು. ಆಗ ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು, ಲಾರಿಯಿಂದ ಸಿಮೆಂಟ್ ಇಳಿಯುತ್ತಿತ್ತು. ನಾನು ತಲೆ ಎತ್ತದೆ ಹೇಳಿದೆ: "ಕಾಕ, ನನಗೂ ಖರ್ಚು ಜಾಸ್ತಿ ಇದೆ. ಇದೇನು ಬಿಟ್ಟಿ ಬಂದದ್ದಲ್ಲ, ರಾತ್ರಿ ಹಗಲು ದುಡಿದು ಕಟ್ಟಿದ್ದು." ಎಲ್ಲರೂ ಕೇಳಿಸಿಕೊಂಡರು. ಕಾಕ ಏನೂ ಅನ್ನಲಿಲ್ಲ. ಕೊಡೆ ತೆಗೆದುಕೊಂಡು ಹೋದರು.

ಎರಡು ವಾರ ಕಳೆದು ಮಸೀದಿಯ ತರಗತಿಯಲ್ಲಿ ಉಸ್ತಾದ್, ಪ್ರವಾದಿ(ಸ)ಯವರು ಹೇಳಿದ ಬನೂ ಇಸ್ರಾಈಲ್ ಜನಾಂಗದ ಮೂವರ ಹದೀಸ್ ಹೇಳಿದರು. ಬುಖಾರಿ, ಮುಸ್ಲಿಂ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಇರುವ ಹದೀಸ್ ಅದು. ಒಬ್ಬ ಕುಷ್ಠರೋಗಿ, ಒಬ್ಬನ ತಲೆ ಬೋಳು, ಒಬ್ಬ ಕುರುಡ. ಮಲಕ್ (ದೇವದೂತ) ಬಂದು ಮೂವರನ್ನೂ ಗುಣ ಮಾಡುತ್ತಾರೆ. ಒಬ್ಬನಿಗೆ ಗಬ್ಬದ ಒಂಟೆ, ಒಬ್ಬನಿಗೆ ಹಸು, ಒಬ್ಬನಿಗೆ ಕುರಿ ಸಿಗುತ್ತದೆ. ಕಣಿವೆ ತುಂಬ ಸಂಪತ್ತು ಬೆಳೆಯುತ್ತದೆ. ಆಮೇಲೆ ಅದೇ ಮಲಕ್ ಮತ್ತೆ ಬರುತ್ತಾರೆ, ಆದರೆ ಪ್ರತಿಯೊಬ್ಬನ ಹಳೆಯ ರೂಪದಲ್ಲಿ. ಕುಷ್ಠರೋಗಿಯಾಗಿದ್ದವನ ಮುಂದೆ ಕುಷ್ಠರೋಗಿಯಾಗಿ ನಿಂತು ಒಂದು ಒಂಟೆ ಕೇಳುತ್ತಾರೆ. ಅವನು, "ನಾನು ಕೊಡಬೇಕಾದ ಕಡೆ ತುಂಬ ಇದೆ" ಅನ್ನುತ್ತಾನೆ. ಆಮೇಲೆ, "ಇದು ನನ್ನ ಹಿರಿಯರಿಂದ ಬಂದ ಸಂಪತ್ತು" ಅನ್ನುತ್ತಾನೆ. ಬೋಳು ತಲೆಯವನದೂ ಅದೇ ಮಾತು. ಕುರುಡನಾಗಿದ್ದವನು ಮಾತ್ರ, "ನಾನು ಕುರುಡನಾಗಿದ್ದೆ, ಅಲ್ಲಾಹು ಕಣ್ಣು ಕೊಟ್ಟ. ಬೇಕಾದಷ್ಟು ತಗೋ" ಅನ್ನುತ್ತಾನೆ.

ನನಗೆ ಕೂತಲ್ಲೇ ಮೈ ನಡುಗಿತು. ಇಪ್ಪತ್ತು ವರ್ಷದ ಹಿಂದೆ ಬಂದರಿನ ಒಂದು ಅಂಗಡಿಯ ಎದುರು ಒದ್ದೆ ಕೊಡೆ ಹೊರಗಿಟ್ಟು "ಸ್ವಲ್ಪ ಸಮಯ ಕೊಡಿ" ಅಂತ ನಿಂತವನು ನಾನೇ. ಅವರು ಕೊಟ್ಟಿದ್ದರು. ಅಂದು ಅವರು ಕೊಡದಿದ್ದರೆ ನನಗೆ ಅಂಗಡಿಯೇ ಇರುತ್ತಿರಲಿಲ್ಲ. ನನ್ನ ಹಳೆಯ ರೂಪವೇ ನನ್ನ ಗಲ್ಲಾದ ಮುಂದೆ ಬಂದು ನಿಂತಿತ್ತು, ನಾನು ತಲೆ ಎತ್ತಿ ನೋಡಲಿಲ್ಲ.

ಮಾರನೇ ದಿನ ಕಾಕನ ಮನೆಗೆ ಹೋದೆ. ಅಂಗಳದ ಮೂಲೆಯಲ್ಲಿ ಉದುರಿದ ಅಡಿಕೆಯ ರಾಶಿ. ಹಸಿರು ಹೋಗಿ ಕಪ್ಪಾಗಿತ್ತು, ಮೇಲೆ ಬಿಳಿ ಬೂಸ್ಟು, ಹುಳಿ ವಾಸನೆ. ಕಾಲಿನಿಂದ ಸರಿಸಿದರೆ ಮೆತ್ತಗೆ ಒಡೆಯುತ್ತಿತ್ತು. ಕಾಕ ನನ್ನನ್ನು ನೋಡಿ, ದುಡ್ಡು ಕೇಳೋಕೆ ಬಂದೆ ಅಂತ ತಿಳಿದು ಎದ್ದು ನಿಂತರು. ಅದನ್ನು ನಾನು ಮರೆಯುವುದಿಲ್ಲ. ಕೈ ಹಿಡಿದು ಕ್ಷಮೆ ಕೇಳಿದೆ. ಎಲ್ಲರ ಮುಂದೆ ಆಡಿದ ಮಾತಲ್ವಾ, ಮುಂದಿನ ವಾರ ಅವರನ್ನು ಅಂಗಡಿಗೆ ಕರೆದು ಎಲ್ಲರ ಮುಂದೆಯೂ ಕೇಳಿದೆ.

ಆಮೇಲೆ ಕಾಕ ಮೂರು ಸಲ ಹತ್ತತ್ತು ಸಾವಿರ ಕೊಟ್ಟರು. ಉಳಿದ 11,600 ಅವರಿಂದ ಆಗಲಿಲ್ಲ. ಬಿಟ್ಟುಬಿಡೋಣ ಅನಿಸಿತು, ಜೊತೆಗೇ ಇನ್ನೊಂದು ಯೋಚನೆಯೂ ಬಂತು: ಇದನ್ನು ಝಕಾತ್‌ನಲ್ಲಿ ಹಿಡಿದುಕೊಳ್ಳಬಹುದಲ್ಲಾ? ಉಸ್ತಾದ್ ಹತ್ತಿರ ಕೇಳಿದೆ. "ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಆಗುವುದಿಲ್ಲ" ಅಂದರು. ಮದ್‌ಹಬ್ ಅಂದರೆ ನಾವು ಅನುಸರಿಸುವ ಧರ್ಮಶಾಸ್ತ್ರದ ಪದ್ಧತಿ. "ಝಕಾತ್ ಅಂದರೆ ಹಕ್ಕುದಾರರ ಕೈಗೆ ಕೊಡಬೇಕು. ಬರದ ಸಾಲ ಬಿಟ್ಟು, ಅದನ್ನು ಝಕಾತ್ ಅಂತ ಬರೆದರೆ ಲಾಭ ಯಾರಿಗೆ?" ಆಮೇಲೆ ಉಸ್ತಾದ್ ಕುರ್‌ಆನ್‌ನ ಅಲ್‌ಬಕರ ಅಧ್ಯಾಯದ 280ನೇ ಸೂಕ್ತ ಓದಿದರು. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲ ಆಗುವವರೆಗೆ ಸಮಯ ಕೊಡಿ, ದಾನವಾಗಿ ಬಿಟ್ಟರೆ ನಿಮಗೆ ಇನ್ನೂ ಒಳ್ಳೆಯದು. ಝಕಾತ್ ಪೂರ್ತಿ ಕೊಟ್ಟೆ. 11,600 ಬೇರೆಯಾಗಿ ಬಿಟ್ಟೆ. ಒಳ್ಳೆ ಕೆಲಸ ಮಾಡುವಾಗಲೂ ಮನಸ್ಸು ಎಷ್ಟು ಜಾಣತನ ಮಾಡುತ್ತದೆ ಅಂತ ಅಂದು ಗೊತ್ತಾಯಿತು.

ಈಗ ಬಾಕಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕುತ್ತೇನೆ. ಅವರಿಗೆ ಫೋನ್ ಮಾಡುವ ಹಾಗಿಲ್ಲ ಅಂತ ಹುಡುಗರಿಗೆ ಗೊತ್ತು. ಎಲ್ಲರಿಗೂ ಹಾಗೆ ಮಾಡುವುದಿಲ್ಲ. ಕೈಯಲ್ಲಿದ್ದೂ ಕೊಡದವರ ಹತ್ತಿರ ಗಟ್ಟಿಯಾಗಿಯೇ ಕೇಳುತ್ತೇನೆ.

ಅಸರ್ (ಸಂಜೆಗೆ ಮುಂಚಿನ) ನಮಾಝ್ ಸರಿ ಮಾಡಲು ಇದಕ್ಕಿಂತ ಜಾಸ್ತಿ ಒದ್ದಾಡಿದೆ. ನಾಲ್ಕರ ಸುಮಾರಿಗೆ ಬಾಂಗ್ ಆಗುವಾಗಲೇ ವ್ಯಾಪಾರದ ರಶ್. ಬಡತನದಲ್ಲಿ ಜಮಾಅತ್ (ಮಸೀದಿಯ ಸಾಮೂಹಿಕ ನಮಾಝ್) ತಪ್ಪಿಸದವನು, ವ್ಯಾಪಾರ ಬೆಳೆದ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ಗೋಡೌನ್‌ನಲ್ಲಿ ಅವಸರದಲ್ಲಿ ಮುಗಿಸುತ್ತಿದ್ದೆ. ಈಗ ಬಾಂಗ್ ಆದರೆ ಶಟರ್ ಅರ್ಧ ಎಳೆದು ಹೋಗುತ್ತೇನೆ. ಇಪ್ಪತ್ತು ನಿಮಿಷ. ಮೊದಮೊದಲು ಕೆಲವು ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಕೆಲವರು ಅಲ್ಲೇ ಉಳಿದರು.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಪ್ರವಾದಿ(ಸ)ಯವರ ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಅವರನ್ನು. ಅವರೂ ನನ್ನ ಹಾಗೆ ವ್ಯಾಪಾರಿ ಅಂತ ಇರಬೇಕು. ಮಕ್ಕಾ ಬಿಟ್ಟು ಬರಿಗೈಯಲ್ಲಿ ಮದೀನಾಕ್ಕೆ ಬಂದವರು. ಮದೀನಾದ ಸಅದ್ ಬಿನ್ ರಬೀಅ್ (ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡುತ್ತೇನೆ ಅಂದಾಗ, "ಪೇಟೆ ಎಲ್ಲಿದೆ ತೋರಿಸಿ" ಅಂದರು. ಬೆಣ್ಣೆ, ಒಣ ಮೊಸರಿನ ಗಟ್ಟಿ ಮಾರಿ ಶುರು ಮಾಡಿ ದೊಡ್ಡ ಶ್ರೀಮಂತರಾದರು. ಅವರೇ ಮುಂದೆ ಹೇಳಿದ ಮಾತು ತಿರ್ಮಿದಿ ಅನ್ನುವ ಹದೀಸ್ ಸಂಗ್ರಹದಲ್ಲಿದೆ: ಪ್ರವಾದಿ(ಸ)ಯವರ ಜೊತೆ ನಮಗೆ ಕಷ್ಟದ ಪರೀಕ್ಷೆ ಬಂತು, ತಾಳಿಕೊಂಡೆವು. ಅವರ ನಂತರ ಸುಖದ ಪರೀಕ್ಷೆ ಬಂತು, ತಾಳಿಕೊಳ್ಳಲು ಆಗಲಿಲ್ಲ. ಒಂದು ದಿನ ಉಪವಾಸ ಬಿಡಲು ಊಟ ತಂದಿಟ್ಟರೆ ಅವರಿಗೆ ಮುಸ್‌ಅಬ್ ಬಿನ್ ಉಮೈರ್ (ರ) ನೆನಪಾದರು. ಮುಸ್‌ಅಬ್ ಉಹುದ್ ಯುದ್ಧದಲ್ಲಿ ಹುತಾತ್ಮರಾದಾಗ ಕಫನ್‌ಗೆ (ಶವಕ್ಕೆ ಹೊದಿಸಲು) ಇದ್ದದ್ದು ಒಂದೇ ತುಂಡು ಬಟ್ಟೆ. ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕಾಲು ಮುಚ್ಚಿದರೆ ತಲೆ. ನಮ್ಮ ಒಳ್ಳೆ ಕೆಲಸದ ಕೂಲಿಯೆಲ್ಲ ಇಲ್ಲೇ ಸಿಕ್ಕಿಬಿಟ್ಟಿತೋ ಏನೋ ಅಂತ ಅತ್ತು, ಅವರು ಊಟ ಬಿಟ್ಟರು. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಜನರಲ್ಲಿ ಒಬ್ಬರಿಗೆ ಆ ಭಯ ಇತ್ತು.

ನನ್ನ ಮಗ ಈಗ ಅಂಗಡಿಗೆ ಬರುತ್ತಾನೆ. ಅವನು ಬಡತನ ನೋಡಿಲ್ಲ. ಹುಟ್ಟಿದ್ದೇ ಒಳ್ಳೆ ದಿನಗಳಲ್ಲಿ. ಕಳೆದ ರಮಝಾನ್ 15ಕ್ಕೆ ಗೋಡೌನ್ ಎಣಿಸುವ ಕೆಲಸ ಅವನಿಗೇ ಕೊಟ್ಟೆ. ಉಪವಾಸದ ಮಧ್ಯಾಹ್ನ, ಏಣಿ ಮೇಲಿಂದ ಕೂಗಿದ:

"ಉಪ್ಪಾ, ಇಲ್ಲಿ ಹಳೇ ಮಾಡೆಲ್ ನಲ್ಲಿಗಳಿವೆ. ಯಾರೂ ತಗೊಳ್ಳಲ್ಲ. ಬಿಟ್ಟುಬಿಡ್ಲಾ?"

"ಎಷ್ಟಿದೆ?"

"ಹದಿನಾಲ್ಕು."

"ಇವತ್ತು ಮಾರಿದ್ರೆ ಎಷ್ಟಕ್ಕೆ ಹೋಗ್ಬಹುದು?"

ಅವನು ಒಂದನ್ನು ಕೈಯಲ್ಲಿ ಹಿಡಿದು, ಧೂಳು ಒರೆಸಿ, ತಿರುಗಿಸಿ ನೋಡಿದ. "ನಲವತ್ತು ರೂಪಾಯಿಗೆ ಹೋಗ್ಬಹುದು."

"ಹಾಗಾದ್ರೆ ಬರಿ" ಅಂದೆ.